ತಂಗಿಯ ವಿಚ್ಛೇದನ ಮತ್ತು ಮಗುವಿನ ಸುಪರ್ದಿ: ಶಿರಸಿಯ ವಕೀಲರೇ ಸಾಕೇ?

ಪ್ರಶ್ನೆ (ಶಿರಸಿ):
ಮದುವೆಯ ನಂತರ ಬೆಂಗಳೂರಿನಲ್ಲಿದ್ದ ನನ್ನ ತಂಗಿ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ನಾಲ್ಕು ವರ್ಷದ ಮಗನೊಂದಿಗೆ ನಮ್ಮ ಮನೆಯಲ್ಲಿದ್ದಾಳೆ. ಮದುವೆ ನಡೆದದ್ದು ಶಿರಸಿಯಲ್ಲಿ. ಹಿರಿಯರು ಕೂತು ಮಾತಾಡಿದರೂ ಹೊಂದಾಣಿಕೆ ಆಗಲಿಲ್ಲ. ಅವಳಿಗೆ ಈಗ ಸ್ವಂತ ಆದಾಯವಿಲ್ಲ. ಬೆಂಗಳೂರಿನ ಹೆಸರುವಾಸಿ ವಕೀಲರೇ ಬೇಕು ಎಂದು ಮನೆಯಲ್ಲಿ ಕೆಲವರ ಹಟ. ಇಲ್ಲಿಯ ವಕೀಲರೊಬ್ಬರು ಎರಡೂ ಕುಟುಂಬಗಳಿಗೆ ದೂರದ ನೆಂಟರು. ಯಾರನ್ನು ಆರಿಸಬೇಕು, ಏನು ಕೇಳಿ ನೋಡಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ವಕೀಲೆ, ಹೊನ್ನಾವರ):
ಮೊದಲು ಪ್ರಕರಣ ಎಲ್ಲಿ ನಡೆಯುತ್ತದೆ ಎಂಬುದನ್ನು ನಿರ್ಧರಿಸಿ, ಆಮೇಲೆ ವಕೀಲರನ್ನು ನೋಡಿ. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನಂತೆ ಮದುವೆ ನಡೆದ ಊರಿನಲ್ಲಿ ಅರ್ಜಿ ಹಾಕಬಹುದು. ಅರ್ಜಿದಾರಳು ಹೆಂಡತಿಯಾಗಿದ್ದರೆ ಅವಳು ಈಗ ವಾಸಿಸುವ ಊರೂ ನಡೆಯುತ್ತದೆ. ಮಗುವಿನ ಸುಪರ್ದಿಗೆ ಪ್ರತ್ಯೇಕ ಅರ್ಜಿ ಹಾಕುವುದಾದರೆ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳವೇ ಮುಖ್ಯ. ಹೀಗಿರುವಾಗ ಪ್ರತಿ ತಾರೀಖಿಗೂ ಬೆಂಗಳೂರಿನಿಂದ ವಕೀಲರನ್ನು ಕರೆಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಗಂಡನ ಕಡೆಯವರು ಬೆಂಗಳೂರಿನಲ್ಲಿ ಮೊದಲೇ ಅರ್ಜಿ ಹಾಕಿದ್ದರೆ, ಅದನ್ನು ಇಲ್ಲಿಗೆ ವರ್ಗಾಯಿಸುವಂತೆ ಹೈಕೋರ್ಟನ್ನು ಕೋರಬಹುದು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಆದರೆ ನ್ಯಾಯಾಧೀಶರು ಕೊನೆಗೆ ನೋಡುವುದು ಮಗುವಿನ ಹಿತವನ್ನು; ಆದ್ದರಿಂದ ‘ಸುಪರ್ದಿ ಖಂಡಿತ ಕೊಡಿಸುತ್ತೇನೆ’ ಎಂದು ಮೊದಲ ಭೇಟಿಯಲ್ಲೇ ಭರವಸೆ ಕೊಡುವವರಿಂದ ದೂರವಿರಿ. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಎಂದು ಫೀ ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಫೀ ಎಷ್ಟು, ಯಾವ ಹಂತದಲ್ಲಿ ಕೊಡಬೇಕು, ಪ್ರಕರಣದ ನಡುವೆ ಹಾಕುವ ಮಧ್ಯಂತರ ಅರ್ಜಿಗಳಿಗೆ ಬೇರೆ ಕೊಡಬೇಕೇ ಎಂಬುದನ್ನು ವಕಾಲತ್ತಿಗೆ (ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ) ಸಹಿ ಹಾಕುವ ಮುನ್ನವೇ ಬರೆಸಿಕೊಳ್ಳಿ.

ಉತ್ತರ (ಕುಮಟಾ):
ನಾನೂ ಈ ದಾರಿ ದಾಟಿ ಬಂದವಳು. ಮೊದಲ ವಕೀಲರು ತಾವು ಬಾರದೆ, ಕಡತವನ್ನೇ ಓದದ ಕಿರಿಯರನ್ನು ಕಳಿಸುತ್ತಿದ್ದರು. ಪ್ರತಿ ಸಲವೂ ಮುಂದಿನ ತಾರೀಖು ಬೀಳುತ್ತಿತ್ತು. ಎರಡನೆಯವರು ಮಗಳ ಶಾಲೆಯ ಫೀ ರಸೀದಿ, ಲಸಿಕೆಯ ಕಾರ್ಡು, ಔಷಧಿ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ ತಿಂಗಳ ಖರ್ಚನ್ನು ನನ್ನೆದುರೇ ಬರೆದು, ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಮಾಡಿಸಿದರು. ಆದ್ದರಿಂದ ತಾರೀಖಿನ ದಿನ ನ್ಯಾಯಾಲಯದಲ್ಲಿ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ.

ಜೀವನಾಂಶದ ಅರ್ಜಿಯನ್ನು ತಡಮಾಡಬೇಡಿ. ಅದನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಹಾಕಬೇಕು, ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ನಾವು ಸುಮ್ಮನೆ ಕಾದ ತಿಂಗಳುಗಳ ಹಣ ಮರಳಿ ಬರುವುದು ಕಷ್ಟ.

ಉತ್ತರ (ಕಾರವಾರ):
ಫೀ ಕೊಡುವುದು ಕಷ್ಟವಾದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯನ್ನು ನೆನಪಿಡಿ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದಕ್ಕಾಗಿ ಘಟ್ಟ ಇಳಿದು ಕಾರವಾರದವರೆಗೆ ಬರಬೇಕಿಲ್ಲ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಸಹಾಯವಾಣಿಯ ಸಂಖ್ಯೆ 15100.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನೆಂಟರಾದ ವಕೀಲರ ವಿಷಯ?

ಉತ್ತರ (ವಕೀಲೆ, ಹೊನ್ನಾವರ):
ಬೇಡ. ಎರಡೂ ಮನೆಗಳಿಗೆ ಬೇಕಾದವರು ರಾಜಿ ಮಾತುಕತೆಗೆ ನೆರವಾಗಲಿ, ವಕಾಲತ್ತು ವಹಿಸುವುದು ಸರಿಯಲ್ಲ. ಪಾಟೀಸವಾಲಿನಲ್ಲಿ ಅವರ ಬಾಯಿ ಕಟ್ಟಿಹೋಗುತ್ತದೆ. ಮುಂದೆ ಇಬ್ಬರೂ ಒಪ್ಪಿದರೆ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು; ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಸಂದರ್ಭಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಹೊಸ ವಕೀಲರನ್ನು ಕಾಣಲು ಹೋಗುವಾಗ ನಿಮ್ಮ ತಂಗಿಯನ್ನೇ ಕರೆದೊಯ್ಯಿರಿ. ಸ್ವಲ್ಪ ಹೊತ್ತು ಅವರೊಬ್ಬರೇ ವಕೀಲರ ಬಳಿ ಮಾತಾಡಲಿ, ಅಣ್ಣನೆದುರು ಹೇಳಲಾಗದ ಸಂಗತಿಗಳೂ ಇರಬಹುದು.