313ರಲ್ಲಿ ಕ್ರೈಸ್ತಧರ್ಮ ರೋಮಿನ ರಾಜಧರ್ಮವಾಯಿತೇ?

ಇತಿಹಾಸ ವಿದ್ಯಾರ್ಥಿ, ಧಾರವಾಡ:
ನಮ್ಮ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸಿನಲ್ಲಿ, ರೋಮನ್ ಸಾಮ್ರಾಜ್ಯವು ಕ್ರೈಸ್ತರನ್ನು ಮುನ್ನೂರು ವರ್ಷ ಎಡೆಬಿಡದೆ ಹಿಂಸಿಸಿತೆಂದೂ, 313ರಲ್ಲಿ ಕಾನ್‌ಸ್ಟಂಟೈನ್ ಎಂಬ ಚಕ್ರವರ್ತಿ ಕ್ರೈಸ್ತಧರ್ಮವನ್ನೇ ರಾಜಧರ್ಮವಾಗಿಸಿದನೆಂದೂ ಇದೆ. ಸರ್ಕಾರವೊಂದು ಒಂದೇ ಆದೇಶದಿಂದ ಹೀಗೆ ತಿರುಗಿಬಿದ್ದಿತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಉಪನ್ಯಾಸಕ, ಗದಗ:
ಎರಡೂ ಮಾತು ತಪ್ಪು. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಅವನ ಸಹಚಕ್ರವರ್ತಿ ಲಿಸಿನಿಯಸ್ ಮಿಲಾನಿನಲ್ಲಿ ಒಪ್ಪಿಕೊಂಡದ್ದು ಎಲ್ಲರಿಗೂ ಅವರವರ ಆರಾಧನೆಯ ಸ್ವಾತಂತ್ರ್ಯ ಮತ್ತು ಕ್ರೈಸ್ತರಿಂದ ಕಸಿದುಕೊಂಡ ಆಸ್ತಿಯನ್ನು ಹಿಂದಿರುಗಿಸುವುದು, ಅಷ್ಟೇ. ರಾಜಧರ್ಮದ ಆದೇಶ 380ರದು, ಚಕ್ರವರ್ತಿ ಥಿಯೊಡೋಸಿಯಸ್‌ನ ಕಾಲದ್ದು. ಇನ್ನು ಹಿಂಸೆಯ ವಿಷಯ, ಅದೂ ಎಡೆಬಿಡದೆ ನಡೆದದ್ದಲ್ಲ. ಸುಮಾರು 112ರಲ್ಲಿ ಬಿಥಿನಿಯಾದ ಪ್ರಾಂತಾಧಿಕಾರಿ ಪ್ಲಿನಿ, ಕ್ರೈಸ್ತರನ್ನು ಏನು ಮಾಡಬೇಕೆಂದು ಸಲಹೆ ಕೇಳಿದಾಗ ಚಕ್ರವರ್ತಿ ಟ್ರಾಜನ್, ಅವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರನ್ನು ಮುಟ್ಟಬೇಡ, ಆರೋಪ ಸಾಬೀತಾದರೆ ಶಿಕ್ಷಿಸು, ನಮ್ಮ ದೇವರುಗಳನ್ನು ಪೂಜಿಸಿದರೆ ಬಿಟ್ಟುಬಿಡು ಎಂದು ಉತ್ತರಿಸಿದ. ತಪ್ಪಿತಸ್ಥರಾದರೆ ಹುಡುಕುವುದೇಕೆ ಬೇಡ, ಅಲ್ಲವಾದರೆ ದಂಡನೆ ಏಕೆ ಎಂದು ಮುಂದೆ ಕ್ರೈಸ್ತ ಲೇಖಕ ಟರ್ಟುಲಿಯನ್ ಈ ಇಬ್ಬಂದಿ ನೀತಿಯನ್ನು ಚೆನ್ನಾಗಿಯೇ ಹಂಗಿಸಿದ್ದಾನೆ.

ಹಾವೇರಿಯ ಓದುಗ:
ಮುಂದೆ, ಸಾಮ್ರಾಜ್ಯದ ಜನರೆಲ್ಲ ದೇವರುಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞಾಪಿಸಿದವನು ಚಕ್ರವರ್ತಿ ಡೀಸಿಯಸ್. ಅರ್ಪಿಸಿದವರು ಅದಕ್ಕೆ ಪ್ರಮಾಣಪತ್ರ ಪಡೆಯಬೇಕಿತ್ತು. ಈಜಿಪ್ಟಿನಲ್ಲಿ ಸಿಕ್ಕ 250ರ ಒಂದು ಪಪೈರಸ್ಸಿನಲ್ಲಿ ಔರೇಲಿಯಸ್ ಡಯೋಜಿನಿಸ್ ಎಂಬ ಹಳ್ಳಿಗ, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಕಲೆ, ತಾನು ಎಂದಿನಿಂದಲೂ ದೇವರುಗಳಿಗೆ ಬಲಿ ಕೊಡುತ್ತ ಬಂದವನೆಂದೂ ಈಗ ಅಧಿಕಾರಿಗಳ ಕಣ್ಣೆದುರೇ ಕೊಟ್ಟು ಅದರ ಪ್ರಸಾದ ತಿಂದಿರುವುದಾಗಿಯೂ ಹೇಳಿ ದೃಢೀಕರಣ ಬೇಡಿದ್ದಾನೆ. ಪರೀಕ್ಷೆಯ ಅರ್ಜಿಯಲ್ಲಿ ಮೈಮೇಲಿನ ಮಚ್ಚೆಯ ಗುರುತು ಬರೆದ ನಿಮಗೆ ಈ ಹಾಳೆ ಹೊಸದೆನಿಸದು. ಆತ ಕ್ರೈಸ್ತನಾಗಿದ್ದನೆಂದು ಇದರಿಂದ ತಿಳಿಯಬೇಕಿಲ್ಲ. ಆದರೆ ಬಲಿ ಕೊಡದೆಯೇ ಲಂಚ ತೆತ್ತು ಪತ್ರ ಪಡೆದ ಕ್ರೈಸ್ತರಿದ್ದರು, ಮತ್ತು ಅವರನ್ನು ಮರಳಿ ಕ್ರೈಸ್ತ ಸಭೆಗೆ (ಚರ್ಚಿಗೆ) ಸೇರಿಸಿಕೊಳ್ಳುವುದು ಹೇಗೆಂಬುದು ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ಗೆ ದೊಡ್ಡ ತಲೆನೋವಾಯಿತು.

ಹುಬ್ಬಳ್ಳಿಯಿಂದ:
ಒಂದೇ ಆದೇಶದಿಂದ ತಿರುಗಿತೇ ಎಂಬುದು ಮೂಲ ಪ್ರಶ್ನೆಯಾದ್ದರಿಂದ 311ನ್ನು ಬಿಡಬಾರದು. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಆರಂಭಿಸಿದ ದಮನದಲ್ಲಿ ಮುಂಚೂಣಿಯಲ್ಲಿದ್ದ ಅವನ ಸಹ ಆಡಳಿತಗಾರ ಗ್ಯಾಲೇರಿಯಸ್‌ನೇ, 311ರಲ್ಲಿ ಕಾಯಿಲೆಯಿಂದ ಸಾಯುವ ಮುನ್ನ ಅದನ್ನು ಕೈಬಿಟ್ಟು, ತನ್ನ ಮತ್ತು ರಾಜ್ಯದ ಕ್ಷೇಮಕ್ಕಾಗಿ ನಿಮ್ಮ ದೇವರನ್ನು ಪ್ರಾರ್ಥಿಸಿರಿ ಎಂದು ಕ್ರೈಸ್ತರಿಗೆ ಹೇಳಿದ. ಕಾನ್‌ಸ್ಟಂಟೈನ್ ಮಾಡಿದ ಬೇರೆಯ ಕೆಲಸವೆಂದರೆ ಸಭೆಯ ಒಳಜಗಳಕ್ಕೆ ಕೈಹಾಕಿದ್ದು: 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರನ್ನು ಸೇರಿಸಿದವನು ಅವನೇ. ಆದರೆ ಮುಂದೆ ಬಿಷಪ್ಪನೇ ಚಕ್ರವರ್ತಿಯನ್ನು ಬಗ್ಗಿಸಿದ್ದೂ ಉಂಟು: 390ರಲ್ಲಿ ಥೆಸಲೋನಿಕಾದಲ್ಲಿ ಚಕ್ರವರ್ತಿಯ ಸೈನಿಕರು ನಡೆಸಿದ ಹತ್ಯಾಕಾಂಡಕ್ಕಾಗಿ ಥಿಯೊಡೋಸಿಯಸ್‌ನಿಂದಲೇ ಪ್ರಾಯಶ್ಚಿತ್ತ ಮಾಡಿಸಿದವನು ಮಿಲಾನಿನ ಬಿಷಪ್ ಆ್ಯಂಬ್ರೋಸ್.