ಸಹಾಯ ಬೇಕು: ಮೊಲದ ಹಿಂಭಾಗಕ್ಕೆ ಅಂಟಿದ ಕೊಳೆ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮೊಲಕ್ಕೆ ವಯಸ್ಸಾಗಿದೆ, ಸ್ವಲ್ಪ ದಪ್ಪವೂ ಹೌದು. ಬಗ್ಗಿ ತನ್ನ ಹಿಂಭಾಗ ನೆಕ್ಕಿಕೊಳ್ಳಲು ಈಗ ಆಗುತ್ತಿಲ್ಲ. ಬಾಲದ ಕೆಳಗಿನ ಕೂದಲಿಗೆ ಮೆತ್ತನೆಯ ಹಿಕ್ಕೆ ಅಂಟಿ ಗಟ್ಟಿಯಾಗಿದೆ.

ಪೂರ್ತಿ ಸ್ನಾನ ಮಾಡಿಸಬಾರದು ಅಂತ ಗೊತ್ತು. ನೀರಿಗೆ ಇಳಿಸಿದರೆ ಮೊಲ ಹೆದರಿ ಶಾಕ್‌ಗೆ ಹೋಗಬಹುದು, ಒದೆಯುವ ಭರದಲ್ಲಿ ಬೆನ್ನುಮೂಳೆಯೇ ಮುರಿಯಬಹುದು. ಹಾಗಾಗಿ ಕೊಳೆಯಾದ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಟವೆಲ್‌ನಲ್ಲಿ ಒಣಗಿಸುತ್ತಿದ್ದೇನೆ. ಆದರೆ ಗಂಟು ಬಿಡುತ್ತಿಲ್ಲ. ಎಳೆದರೆ ಚರ್ಮ ಕಿತ್ತು ಬರುವ ಭಯ. ಮೊಲದ ಚರ್ಮ ತುಂಬಾ ತೆಳು ಅಲ್ವಾ? ಕಾರ್ನ್‌ಫ್ಲೋರ್ ಉದುರಿಸಿ ಮೆಲ್ಲಗೆ ಬಾಚಬಹುದಂತೆ. ಯಾರಾದರೂ ಮಾಡಿ ನೋಡಿದ್ದೀರಾ? (ಟಾಲ್ಕಂ ಪೌಡರ್ ಮಾತ್ರ ಬೇಡ, ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.) ಕತ್ತರಿ ಹಿಡಿಯಲು ನನಗೆ ಧೈರ್ಯವಿಲ್ಲ.

ಒಬ್ಬರೇ ಇರುವಾಗ ಹೇಗೆ ಹಿಡಿದುಕೊಳ್ಳುತ್ತೀರಿ? ಅಂಗಾತ ಮಲಗಿಸಿ ಅಂತ ದಯವಿಟ್ಟು ಹೇಳಬೇಡಿ. ಆಗ ಅದು ಸುಮ್ನೆ ಇರುವುದು ಹೆದರಿಕೆಯಿಂದ, ಆರಾಮಾಗಿ ಅಲ್ಲ.

ಹುಲ್ಲು ಜಾಸ್ತಿ ಕೊಟ್ಟು ಪೆಲೆಟ್ ಕಡಿಮೆ ಮಾಡಿದ್ದೇವೆ. ಕೀಲುನೋವು ಇದೆಯಾ ಅಂತ ನೋಡಿಸಲು ಡಾಕ್ಟರ್ ಹತ್ತಿರ ಸಮಯ ಕೇಳಿದ್ದೇವೆ. ಅಷ್ಟರೊಳಗೆ ನೊಣ ಕೂತು ಮೊಟ್ಟೆ ಇಟ್ಟರೆ ಅನ್ನುವುದೇ ದೊಡ್ಡ ಚಿಂತೆ. ಹುಳುವಾದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಗಂಟು ಬಿಡಿಸಿ ಅಭ್ಯಾಸ ಇರುವವರು ಬೇಗ ತಿಳಿಸಿ.