ಮಗ್ಗಿ ಬರುತ್ತದೆ, ಯೋಚನೆ ಬರುವುದಿಲ್ಲ: ಮಗಳಿಗೆ ಯಾವ ಆಟ ಕಲಿಸಲಿ?

ಶಿವಮೊಗ್ಗದ ತಾಯಿ:
ನನ್ನ ಮಗಳಿಗೆ 8 ವರ್ಷ, ಮೂರನೇ ತರಗತಿ. 15ರವರೆಗೂ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಾಳೆ. ಮೊನ್ನೆ ಆರು ಚಕ್ಕುಲಿ ಕೊಟ್ಟು, ನಾಲ್ಕು ಜನರಿಗೂ ಸಮನಾಗಿ ಹಂಚು ಎಂದೆ. ತಟ್ಟೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. "ಅಮ್ಮಾ, ಇದು ಗುಣಿಸುವ ಲೆಕ್ಕವೋ ಭಾಗಿಸುವ ಲೆಕ್ಕವೋ?" ಎಂದು ಕೇಳಿದಳು. ಚಕ್ಕುಲಿಯನ್ನು ಮುರಿಯಬಹುದು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಅಂದಿನಿಂದ ನನಗೆ ಅದೇ ಚಿಂತೆ.

ಬುದ್ಧಿ ಬೆಳೆಸುವ ಆಟ ಎಂದು ಮೊಬೈಲಿನಲ್ಲಿ ಒಂದನ್ನು ಹಾಕಿಕೊಟ್ಟಿದ್ದೆ. ಎರಡು ಸಲ ತಪ್ಪಿದರೆ ಆ ಆಟವೇ ಸುಳಿವು ಕೊಡುತ್ತದೆ. ಈಗ ಸುಳಿವಿಗೋಸ್ಕರವೇ ಬೇಕೆಂದು ತಪ್ಪು ಒತ್ತುತ್ತಾಳೆ. ಮನೆಯಲ್ಲಿ ಕುಳಿತು ಆಡಬಹುದಾದ ಬೇರೆ ಆಟಗಳಿದ್ದರೆ ದಯವಿಟ್ಟು ತಿಳಿಸಿ.

ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ:
ಆಡು ಹುಲಿ ಆಡಿಸಿ ತಾಯಿ. ದುಡ್ಡು ಬೇಡ, ಒಂದು ಸೀಮೆಸುಣ್ಣ ಸಾಕು. ತ್ರಿಕೋನ ಬರೆದು ಗೆರೆ ಎಳೆದರೆ, ಗೆರೆಗಳು ಸೇರುವಲ್ಲೆಲ್ಲ ಒಂದೊಂದರಂತೆ 23 ಮನೆಗಳಾಗುತ್ತವೆ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಈ ಗೆರೆಗಳನ್ನು ನೀವೂ ನೋಡಿರಬಹುದು. 3 ಹುಲಿಗೆ ಕಲ್ಲು, 15 ಆಡಿಗೆ ಹುಣಸೆ ಬೀಜ. ಆಡುಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಹದಿನೈದನ್ನೂ ಇಟ್ಟು ಮುಗಿಸುವವರೆಗೆ ಯಾವುದನ್ನೂ ಕದಲಿಸುವಂತಿಲ್ಲ. ಆಡಿನ ಆಚೆಯ ಮನೆ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಆಡು ಯಾರನ್ನೂ ಕೊಲ್ಲಲಾರದು. ಒಟ್ಟಾಗಿ ನಿಂತು, ಹುಲಿ ಅಲುಗಾಡದಂತೆ ಕಟ್ಟಿಹಾಕಿದರೆ ಗೆದ್ದಂತೆ.

ಮಗಳಿಗೆ ಆಡುಗಳನ್ನೇ ಕೊಡಿ. ಹುಲಿ ಹಿಡಿದ ಮಗುವಿಗೆ ಎದುರಿಗಿರುವ ತುತ್ತು ಕಂಡರೆ ಸಾಕು. ಆಡು ಹಿಡಿದ ಮಗು ಎದುರಾಳಿಯ ಕಣ್ಣಿನಿಂದಲೂ ನೋಡಬೇಕಾಗುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವವನು. ಮಳೆಗಾಲದ ಒಂದು ಮಧ್ಯಾಹ್ನ ಬೀಜ ಹಿಡಿದ ಅವನ ಕೈ ಒಂದು ಮನೆಯ ಮೇಲೆ ತಡೆದು ನಿಂತಿತು. ಅಲ್ಲಿಂದ ಪಕ್ಕಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೇಳಿಕೊಡಲು ನನ್ನ ನಾಲಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಕೊನೆಗೆ ಅವನು ಬೀಜವನ್ನು ಇನ್ನೊಂದು ಆಡಿನ ಬೆನ್ನಿಗೆ ಇಟ್ಟ. ಹುಲಿಗೆ ಹಾರಲು ಜಾಗವಿಲ್ಲದಂತಾಯಿತು.

ನೀವೂ ಹಾಗೆಯೇ ತಡೆದುಕೊಳ್ಳಬೇಕು. "ಅಲ್ಲಿಡಬೇಡ" ಎನ್ನಬೇಡಿ. "ನೀನು ಹುಲಿಯಾಗಿದ್ದರೆ ಈಗ ಯಾವುದನ್ನು ತಿನ್ನುತ್ತಿದ್ದೆ?" ಎಂದು ಕೇಳಿ, ಸುಮ್ಮನಿರಿ. ಅವಳಿಗೆ ಎಷ್ಟು ಹೊತ್ತಾದರೂ ಆಗಲಿ.

ಪುತ್ತೂರಿನವ:
ಟೀಚರ್ ಹೇಳಿದ್ದು ಸರಿ. ಅದರ ಜೊತೆಗೆ ಚೆನ್ನೆಮಣೆಯನ್ನೂ ಸೇರಿಸಿಕೊಳ್ಳಿ. ಘಟ್ಟದ ಮೇಲೆ ಅಳಗುಳಿಮಣೆ ಎನ್ನುತ್ತಾರಲ್ಲ, ಅದೇ. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು. ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಮಂಜೊಟ್ಟಿ ಕಾಯಿ ಹಾಕಿ ಆಡಿಸುತ್ತಿದ್ದರು. ಕಾಯಿ ಎತ್ತುವ ಮೊದಲು "ಕೊನೆಯದು ಎಲ್ಲಿ ಬೀಳುತ್ತದೆ, ಹೇಳು" ಎಂದು ಕೇಳುತ್ತಿದ್ದರು. ಬೆರಳಿಟ್ಟು ಎಣಿಸುವಂತಿರಲಿಲ್ಲ, ಕಣ್ಣಿನಲ್ಲೇ ಎಣಿಸಬೇಕಿತ್ತು. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರೂ ನಡೆಯುತ್ತದೆ.

ಶಿವಮೊಗ್ಗದ ತಾಯಿ:
ಇಬ್ಬರಿಗೂ ಧನ್ಯವಾದ. ಹತ್ತು ದಿನಗಳಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಹಾಕಿಕೊಂಡು ಆಡುತ್ತಿದ್ದೇವೆ. ಮೊದಲ ಎರಡು ದಿನ ಬೀಜ ಇಟ್ಟು ನನ್ನ ಮುಖ ನೋಡುತ್ತಿದ್ದಳು. ಟೀಚರ್, ಸುಮ್ಮನಿರುವುದು ಬಹಳ ಕಷ್ಟ, ಆದರೂ ಇದ್ದೆ. ಈಗ ನನ್ನನ್ನು ನೋಡುವುದನ್ನು ಬಿಟ್ಟು ಹುಲಿಯನ್ನು ನೋಡುತ್ತಾಳೆ. ನಿನ್ನೆ ಎರಡು ಹುಲಿಗಳನ್ನು ಕಟ್ಟಿಹಾಕಿದಳು. ಮೂರನೆಯದನ್ನು ಹಿಡಿಯುವಷ್ಟರಲ್ಲಿ ಮಲಗುವ ಹೊತ್ತಾಯಿತು. ಬೀಜ ಎತ್ತಲು ನನ್ನನ್ನು ಬಿಡಲಿಲ್ಲ. ಕ್ಯಾಲೆಂಡರನ್ನು ಹಾಗೆಯೇ ಮೆಲ್ಲಗೆ ಮಂಚದ ಕೆಳಗೆ ಸರಿಸಿಟ್ಟು ಮಲಗಿದಳು.